ಕಡ್ಡಾಯ ಲಸಿಕೆ ಮತಪೆಟ್ಟಿಗೆಗೆ ಬಂದಾಗ

(ಸಾರ್ವಜನಿಕ ಗ್ರಂಥಾಲಯವೊಂದರ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1882ರ ಜುಲೈ 30, ಭಾನುವಾರ. ಸ್ವಿಟ್ಜರ್ಲೆಂಡಿನ ಮತದಾರರ ಮುಂದೆ ಅಂದು ಒಂದು ಕಾಯ್ದೆ ಇತ್ತು. ಸಾಂಕ್ರಾಮಿಕ ರೋಗಗಳ ವಿರುದ್ಧ ಒಕ್ಕೂಟ ಸರ್ಕಾರ ಕೈಗೊಳ್ಳಬೇಕಾದ ಕ್ರಮಗಳನ್ನು ಹೇಳುವ ಕಾಯ್ದೆ ಅದು. ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುವುದನ್ನು ದೇಶದುದ್ದಕ್ಕೂ ಕಡ್ಡಾಯಗೊಳಿಸುವುದು ಅದರ ಮುಖ್ಯ ಅಂಶ. ಸಂಸತ್ತು ಜನವರಿಯಲ್ಲಿಯೇ ಅದನ್ನು ಅಂಗೀಕರಿಸಿತ್ತು. ಸಂಜೆಯ ಎಣಿಕೆಯಲ್ಲಿ ಪರವಾಗಿ 68,027 ಮತ ಬಂದಿದ್ದವು, ವಿರುದ್ಧವಾಗಿ 2,54,340. ಮತ ಹಾಕಿದವರಲ್ಲಿ ಶೇಕಡಾ 79ರಷ್ಟು ಜನ ಈ ಕಾಯ್ದೆ ಬೇಡ ಎಂದಿದ್ದರು.

ಈ ಅಂಕಿಯನ್ನು ಕೇಳಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ತೋಚುವ ಉತ್ತರ ಒಂದೇ: ಜನರಿಗೆ ವಿಜ್ಞಾನ ಗೊತ್ತಿರಲಿಲ್ಲ, ಮೂಢನಂಬಿಕೆ ಗೆದ್ದಿತು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಲಸಿಕೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಡುಬು ಮಾಡಿದ ಅನಾಹುತ ಅಷ್ಟಿಷ್ಟಲ್ಲ. ಅದು ತಗುಲಿದವರಲ್ಲಿ ಬಹಳಷ್ಟು ಜನ ಸತ್ತರು, ಬದುಕಿ ಉಳಿದವರಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಂಡರು. ಅದನ್ನು ಭೂಮಿಯಿಂದಲೇ ಅಳಿಸಿದ್ದು ಲಸಿಕೆ. ಆದರೂ ಮತಪೆಟ್ಟಿಗೆಗೆ ಈ ವಿಷಯ ಬಂದಾಗಲೆಲ್ಲ ಜನ ಉತ್ತರಿಸಿದ ಪ್ರಶ್ನೆ ‘ಲಸಿಕೆ ಒಳ್ಳೆಯದೇ’ ಎಂಬುದಾಗಿರಲಿಲ್ಲ. ‘ನನ್ನ ಮಗುವಿನ ತೋಳನ್ನು ಹಿಡಿಯುವ ಅಧಿಕಾರವನ್ನು ಯಾರ ಕೈಗೆ ಕೊಡಲಿ, ಯಾವ ನಂಬಿಕೆಯ ಮೇಲೆ ಕೊಡಲಿ’ ಎಂಬುದು ಅವರ ಮುಂದಿದ್ದ ಪ್ರಶ್ನೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದು ಮನದಟ್ಟಾಗಬೇಕಾದರೆ ಅಂದಿನ ಸ್ವಿಟ್ಜರ್ಲೆಂಡಿನೊಳಗೆ ಸ್ವಲ್ಪ ಹೊತ್ತು ಓಡಾಡಬೇಕು.

ಹನ್ನೊಂದು ವರ್ಷ ಹಿಂದಕ್ಕೆ ಹೋಗೋಣ. 1871ರ ಫೆಬ್ರವರಿ. ಜರ್ಮನ್ ರಾಜ್ಯವಾದ ಪ್ರಶ್ಯದೊಂದಿಗಿನ ಯುದ್ಧದಲ್ಲಿ ಸೋತ ಫ್ರಾನ್ಸಿನ ಜನರಲ್ ಬೂರ್ಬಾಕಿಯ ಸೈನ್ಯ ಹಿಮದಲ್ಲಿ ನಡುಗುತ್ತಾ ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಬಂದು ಶಸ್ತ್ರ ಕೆಳಗಿಟ್ಟಿತು. ಸುಮಾರು 87 ಸಾವಿರ ಸೈನಿಕರು. ಹಸಿದವರು, ಗಾಯಗೊಂಡವರು, ಕಾಲ್ಬೆರಳು ಹಿಮಕ್ಕೆ ಕೊಳೆತವರು. ಸಣ್ಣ ದೇಶ ಅವರನ್ನು ಊರೂರಿಗೆ ಹಂಚಿಕೊಂಡು ಚರ್ಚುಗಳಲ್ಲಿ, ಶಾಲೆಗಳಲ್ಲಿ ಮಲಗಿಸಿತು, ಉಣ್ಣಿಸಿತು. ಸ್ವಿಸ್ ಜನ ಇಂದಿಗೂ ಹೆಮ್ಮೆಯಿಂದ ನೆನೆಯುವ ಸಂಗತಿ ಇದು. ಆ ಸೈನಿಕರ ಜೊತೆಗೆ ಸಿಡುಬೂ ಬಂತು. ಊರೂರಿಗೆ ಹಂಚಿದ್ದರಿಂದ ರೋಗವೂ ಊರೂರಿಗೆ ಹಂಚಿಹೋಯಿತು. ಯುದ್ಧದ ಬೆನ್ನಲ್ಲೇ ಯುರೋಪಿನಾದ್ಯಂತ ಸಿಡುಬು ಹಬ್ಬಿ ಲಕ್ಷಾಂತರ ಜನ ಸತ್ತರು.

ಇದರಿಂದ ಪಾಠ ಕಲಿತ ಜರ್ಮನಿ 1874ರಲ್ಲಿ ಕಾನೂನು ತಂದಿತು. ಹುಟ್ಟಿದ ಮರುವರ್ಷ ಮುಗಿಯುವುದರೊಳಗೆ ಮಗುವಿಗೆ ಒಂದು ಬಾರಿ, ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೊಂದು ಬಾರಿ ಲಸಿಕೆ ಕಡ್ಡಾಯ. ಅದನ್ನು ನಿರ್ಧರಿಸಿದ್ದು ಅಲ್ಲಿನ ಸಂಸತ್ತು, ಜನರ ಮತಕ್ಕೆ ಹಾಕುವ ಮಾತೇ ಅಲ್ಲಿರಲಿಲ್ಲ. ಅದೇ 1874ರಲ್ಲಿ ಸ್ವಿಟ್ಜರ್ಲೆಂಡ್ ತನ್ನ ಸಂವಿಧಾನವನ್ನು ಪರಿಷ್ಕರಿಸಿತು. ಅದರಲ್ಲಿ ಎರಡು ಹೊಸ ವಿಷಯಗಳು ಒಟ್ಟಿಗೆ ಬಂದವು. ಅಪಾಯಕಾರಿ ಸಾಂಕ್ರಾಮಿಕಗಳ ಬಗ್ಗೆ ಕಾನೂನು ಮಾಡುವ ಅಧಿಕಾರ ಒಕ್ಕೂಟಕ್ಕೆ ಸಿಕ್ಕಿತು. ಒಕ್ಕೂಟ ಮಾಡಿದ ಯಾವ ಕಾನೂನನ್ನಾದರೂ 90 ದಿನಗಳೊಳಗೆ 30 ಸಾವಿರ ಸಹಿ ಕೂಡಿಸಿ ಜನಮತ ಗಣನೆಗೆ ಎಳೆಯುವ ಅಧಿಕಾರ ಜನರಿಗೆ ಸಿಕ್ಕಿತು. 1882ರಲ್ಲಿ ಡಿಕ್ಕಿ ಹೊಡೆದದ್ದು ಈ ಎರಡು ಅಧಿಕಾರಗಳೇ. ಬೇಕಾಗಿದ್ದದ್ದು 30 ಸಾವಿರ ಸಹಿ, ಬಂದದ್ದು 80 ಸಾವಿರದ ಆಸುಪಾಸು.

ಕಾಯ್ದೆಯ ಪರ ನಿಂತವರಲ್ಲಿ ಪ್ರಮುಖರು ಸೇಂಟ್ ಗಾಲೆನ್‌ನ ವೈದ್ಯ ಲೌರೆನ್ಸ್ ಸೊಂಡೆರೆಗ್ಗರ್. ಶುಚಿತ್ವ, ಆಹಾರ, ಸಾರ್ವಜನಿಕ ಆರೋಗ್ಯ ಇವುಗಳಿಗಾಗಿ ಬದುಕನ್ನೇ ಸವೆಸಿದ ಮನುಷ್ಯ. ವಿರುದ್ಧ ನಿಂತವರಲ್ಲಿ ಪ್ರಮುಖರು ಯಾರೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಬರ್ನ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ ಅಡಾಲ್ಫ್ ಫೋಗ್ಟ್. ಅಂಕಿಸಂಖ್ಯೆಗಳ ಪಂಡಿತ. ಸಿಡುಬಿನ ಸಾವುಗಳ ಪಟ್ಟಿಗಳನ್ನೇ ಮುಂದಿಟ್ಟುಕೊಂಡು, ಲಸಿಕೆಯಿಂದ ಪ್ರಯೋಜನವಿಲ್ಲ ಎಂದು ವಾದಿಸಿದವರು. ಅವರ ತೀರ್ಮಾನ ತಪ್ಪಾಗಿತ್ತು. ಆದರೆ ಒಬ್ಬ ಸಾಮಾನ್ಯ ಮತದಾರನ ಜಾಗದಲ್ಲಿ ನಿಂತು ನೋಡಿ. ಇಬ್ಬರೂ ವೈದ್ಯರು, ಇಬ್ಬರೂ ಗೌರವಸ್ಥರು, ಇಬ್ಬರ ಕೈಯಲ್ಲೂ ಅಂಕಿಅಂಶ. ಒಬ್ಬರು ಹಾಕಿಸು ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ. ಅವನು ಯಾರನ್ನು ನಂಬಬೇಕಿತ್ತು?

ಲಸಿಕೆ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಆಗ ಯಾರೂ ವಿವರಿಸುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನೂ ಮರೆಯಬಾರದು. ರಾಬರ್ಟ್ ಕಾಖ್ ಕ್ಷಯರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದೆನೆಂದು ಬರ್ಲಿನ್ನಿನಲ್ಲಿ ಘೋಷಿಸಿದ್ದು ಅದೇ 1882ರ ಮಾರ್ಚ್‌ನಲ್ಲಿ. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದೇ ಇನ್ನೂ ಚರ್ಚೆಯಲ್ಲಿತ್ತು. ಸಿಡುಬಿನ ವೈರಾಣುವಂತೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಸಿಕೆ ಕೆಲಸ ಮಾಡುತ್ತದೆ ಎಂಬುದು ಅನುಭವದಿಂದ ಗೊತ್ತಿತ್ತು. ಹೇಗೆ ಎಂಬುದಕ್ಕೆ ಉತ್ತರವಿರಲಿಲ್ಲ.

ಭಯಕ್ಕೆ ಕಾರಣಗಳೂ ಇದ್ದವು. ಅಂದಿನ ಲಸಿಕೆಯನ್ನು ಇಂದಿನ ಸೀಸೆ, ಸಿರಿಂಜಿನಂತೆ ಕಲ್ಪಿಸಿಕೊಳ್ಳಬೇಡಿ. ನಮ್ಮ ಹಿರಿಯರು ದಾಕು ಹಾಕಿಸುವುದು ಎನ್ನುತ್ತಿದ್ದರಲ್ಲ, ಅದರ ಮೂಲ ರೂಪ. ಒಂದು ಮಗುವಿನ ತೋಳಿಗೆ ಗೀರಿ ಲಸಿಕೆ ಹಾಕಿದ ವಾರದ ಬಳಿಕ ಅಲ್ಲಿ ಗುಳ್ಳೆ ಏಳುತ್ತದೆ. ಆ ಗುಳ್ಳೆಯ ರಸವನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚುತ್ತಿದ್ದರು. ಅದರಿಂದ ಇನ್ನೊಂದು ಮಗುವಿಗೆ. ಹೀಗೆ ತೋಳಿನಿಂದ ತೋಳಿಗೆ. ಮೊದಲ ಮಗುವಿಗೆ ಬೇರೆ ಕಾಯಿಲೆ ಇದ್ದರೆ ಅದೂ ದಾಟುತ್ತಿತ್ತು. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಹೀಗೆಯೇ ಹತ್ತಾರು ಮಕ್ಕಳಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಹರಡಿತು. ಯುರೋಪಿನ ವೈದ್ಯರೆಲ್ಲ ಬಲ್ಲ ಘಟನೆ ಅದು. ಪರಿಹಾರವಾಗಿ ಕರುಗಳ ಮೈಮೇಲೆ ಲಸಿಕೆ ಬೆಳೆಸುವ ಕ್ರಮ ಆಗಷ್ಟೇ ಹರಡುತ್ತಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ಬೆಳಗಾವಿಯಲ್ಲಿ ಮುಂಬೈ ಪ್ರಾಂತ್ಯಕ್ಕಾಗಿ ನಡೆದ ಲಸಿಕಾ ಸಂಸ್ಥೆ ಮಾಡುತ್ತಿದ್ದದ್ದೂ ಈ ಕರುವಿನ ಲಸಿಕೆಯನ್ನೇ. ಈ ಕ್ರಮ ಬೇರೂರಿದ ಮೇಲೆ ಸಿಫಿಲಿಸ್ ಭಯ ಹೋಯಿತು. ಆದರೆ ತನ್ನ ಕೂಸನ್ನು ಒಪ್ಪಿಸಬೇಕಾದ ತಂದೆಗೆ ಅಂದು ಇದ್ದ ಭಯ ಹುಸಿ ಭಯವಾಗಿರಲಿಲ್ಲ.

ಇನ್ನು ರಾಜಕೀಯ. 1847ರ ಅಂತರ್ಯುದ್ಧದಲ್ಲಿ ಸೋತ ಕ್ಯಾಥೊಲಿಕ್ ಕ್ಯಾಂಟನ್‌ಗಳು ಬರ್ನ್‌ನಿಂದ, ಅಂದರೆ ಒಕ್ಕೂಟ ಸರ್ಕಾರ ಕೂತಿರುವ ನಗರದಿಂದ, ಬರುವ ಯಾವ ಆದೇಶವನ್ನೂ ಅನುಮಾನದಿಂದಲೇ ನೋಡುತ್ತಿದ್ದವು. ಕ್ಯಾಂಟನ್ ಎಂದರೆ ಅಲ್ಲಿನ ರಾಜ್ಯ, ತನ್ನ ಸ್ವಾಯತ್ತತೆಯ ಬಗ್ಗೆ ಬಹಳ ಜಾಗರೂಕವಾದ ರಾಜ್ಯ. ಗಮನಿಸಿ, ಹಲವು ಕ್ಯಾಂಟನ್‌ಗಳಲ್ಲಿ ಸಿಡುಬಿನ ಲಸಿಕೆ ಆಗಲೇ ಕಡ್ಡಾಯವಾಗಿತ್ತು. ಊರಿನ ವೈದ್ಯ, ಊರಿನ ಆಡಳಿತ ಹೇಳಿದಾಗ ಸಹಿಸಿಕೊಂಡಿದ್ದ ಜನ ಅದನ್ನೇ ಬರ್ನ್ ಹೇಳಿದಾಗ ಸಿಡಿದೆದ್ದರು. ಪೇಟೆಂಟ್ ರಕ್ಷಣೆಯ ಅಧಿಕಾರವನ್ನು ಒಕ್ಕೂಟಕ್ಕೆ ಕೊಡುವ ಪ್ರಸ್ತಾವವೂ ಅದೇ ಭಾನುವಾರ ಸೋತಿತು, ಅದು ಅಲ್ಪ ಅಂತರದಲ್ಲಿ. ನಾಲ್ಕು ತಿಂಗಳ ನಂತರ ಶಿಕ್ಷಣಕ್ಕೆ ಒಕ್ಕೂಟದ ಕಾರ್ಯದರ್ಶಿಯೊಬ್ಬರನ್ನು ನೇಮಿಸುವ ಪ್ರಸ್ತಾವ ಹೀನಾಯವಾಗಿ ಸೋತಿತು. ಬರ್ನ್‌ಗೆ ಬೇಡ ಎನ್ನುವುದೇ ಆ ವರ್ಷದ ಹವಾ.

ಆದರೆ ಕೇಂದ್ರದ ಮೇಲಿನ ಸಿಟ್ಟೊಂದರಿಂದಲೇ ಎಲ್ಲವನ್ನೂ ವಿವರಿಸಲು ಬರುವುದಿಲ್ಲ. ಐದು ವರ್ಷ ಮೊದಲು, 1877ರಲ್ಲಿ, ಇದೇ ಮತದಾರರು ಒಕ್ಕೂಟದ ಕಾರ್ಖಾನೆ ಕಾಯ್ದೆಯನ್ನು ಒಪ್ಪಿದ್ದರು. ದಿನದ ದುಡಿಮೆಗೆ ಹನ್ನೊಂದು ಗಂಟೆಯ ಮಿತಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಎಂಬ ನಿಯಮ ಅದರಲ್ಲಿದ್ದವು. ಗೆಲುವು ಶೇಕಡಾ 51ರ ಮೇಲಷ್ಟೇ, ಆದರೂ ಗೆಲುವೇ. ಅಂದರೆ ಬರ್ನ್ ತಮ್ಮ ಬದುಕಿನೊಳಗೆ ಕೈಹಾಕಬಾರದು ಎಂದು ಈ ಜನ ಪಣತೊಟ್ಟಿರಲಿಲ್ಲ. ಮಾಲೀಕನ ಕೈಕಟ್ಟುವ ಕಾನೂನನ್ನು ಒಪ್ಪಿದವರು ತಂದೆಯ ಕೈಕಟ್ಟುವ ಕಾನೂನನ್ನು ಒಪ್ಪಲಿಲ್ಲ. ಕಾರ್ಖಾನೆ ಕಾಯ್ದೆ ಮಗುವಿನ ಮೈಯನ್ನು ಕಾಪಾಡುತ್ತೇನೆಂದಿತು. ಲಸಿಕೆಯ ಕಾಯ್ದೆಯೂ ನಿಜದಲ್ಲಿ ಹೇಳಿದ್ದು ಅದನ್ನೇ. ಆದರೆ ಜನರ ಕಿವಿಗೆ ಬಿದ್ದದ್ದು ದಂಡ, ಶಿಕ್ಷೆ, ಅಧಿಕಾರಿ ಎಂಬ ಮಾತುಗಳು. ಸೊಂಡೆರೆಗ್ಗರ್‌ರಂಥವರು ವಿಜ್ಞಾನ ತಮ್ಮ ಕಡೆ ಇದೆ ಎಂದು ನಂಬಿದ್ದರು. ಅದು ನಿಜವೂ ಆಗಿತ್ತು. ಆದರೆ ವಿಜ್ಞಾನ ಕಡೆಯಲ್ಲಿದ್ದರೆ ಮತವೂ ತಾನಾಗಿ ಬರುತ್ತದೆ ಎಂಬ ಲೆಕ್ಕ ಸರಿಯಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಅಂದು ಮತ ಹಾಕಿದವರೆಲ್ಲ ಗಂಡಸರು. ಸ್ವಿಟ್ಜರ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಒಕ್ಕೂಟದ ಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ಮಗುವನ್ನು ಹೆತ್ತವಳು, ಎದೆಹಾಲು ಕುಡಿಸಿದವಳು, ಸಿಡುಬು ಬಂದರೆ ಪಕ್ಕದಲ್ಲಿ ರಾತ್ರಿಯಿಡೀ ಕೂರಬೇಕಾದವಳು ಆ ಭಾನುವಾರ ಮತಗಟ್ಟೆಗೆ ಹೋಗುವಂತಿರಲಿಲ್ಲ. ಆಕೆ ಏನು ಹೇಳುತ್ತಿದ್ದಳೋ ಗೊತ್ತಿಲ್ಲ. ಬೇಡ ಎಂದೇ ಹೇಳುತ್ತಿದ್ದಳೇನೋ. ಆದರೆ ‘ಸ್ವಿಸ್ ಜನತೆ ತೀರ್ಮಾನಿಸಿತು’ ಎಂದು ಇತಿಹಾಸ ಬರೆಯುವಾಗ ಆ ಜನತೆಯಲ್ಲಿ ಅರ್ಧ ಭಾಗ ಇರಲಿಲ್ಲ. ಹಕ್ಕಿದ್ದ ಗಂಡಸರಲ್ಲಿಯೂ ಮತಗಟ್ಟೆಗೆ ಬಂದವರು ಸುಮಾರು ಅರ್ಧದಷ್ಟು ಜನ.

ಸೋಲಿನ ಮರುವರ್ಷವೇ ಜ್ಯೂರಿಕ್ ಕ್ಯಾಂಟನ್ ತನ್ನಲ್ಲಿದ್ದ ಕಡ್ಡಾಯ ಲಸಿಕೆಯನ್ನೂ ರದ್ದುಮಾಡಿತು. ಬೇರೆ ಕೆಲವು ಕ್ಯಾಂಟನ್‌ಗಳೂ ಅದೇ ದಾರಿ ಹಿಡಿದವು. ಇದು ನನ್ನ ದೃಷ್ಟಿಯಲ್ಲಿ ಆ ಜನಮತ ಗಣನೆಯ ಅತ್ಯಂತ ದುಬಾರಿ ಪರಿಣಾಮ. ಹೊಸ ಕಾನೂನು ತರಲು ಹೋಗಿ ಇದ್ದ ವ್ಯವಸ್ಥೆಯೂ ಕೈಬಿಟ್ಟಿತು. ಸಂಸತ್ತು ಸುಮ್ಮನೆ ಕೂರಲಿಲ್ಲ. 1886ರಲ್ಲಿ ಅದೇ ಕಾಯ್ದೆಯನ್ನು ಕಡ್ಡಾಯ ಲಸಿಕೆಯ ಭಾಗ ತೆಗೆದು ಮತ್ತೆ ತಂದಿತು. ರೋಗವನ್ನು ವರದಿ ಮಾಡುವುದು, ರೋಗಿಯನ್ನು ಪ್ರತ್ಯೇಕವಾಗಿಡುವುದು, ಮನೆಯನ್ನು ಶುದ್ಧಿಗೊಳಿಸುವುದು ಅದರಲ್ಲಿ ಉಳಿದವು. ಈ ಬಾರಿ ಅದು ಜನಮತ ಗಣನೆಯವರೆಗೆ ಹೋಗಲೇ ಇಲ್ಲ. 1921ರಿಂದ ಕೆಲವು ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಸಿಡುಬು ಮತ್ತೆ ಹಬ್ಬಿ ಐದು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. ಪುಣ್ಯಕ್ಕೆ ಅದು ರೋಗದ ಸೌಮ್ಯ ರೂಪವಾಗಿತ್ತು, ಸಾವು ಬಹಳ ಕಡಿಮೆ. ಉಗ್ರ ರೂಪವಾಗಿದ್ದರೆ 1882ರ ಕಥೆಯನ್ನು ನಾನು ಬೇರೆ ದನಿಯಲ್ಲಿ ಹೇಳಬೇಕಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಜನಮತ ಗಣನೆ ಇರಲಿಲ್ಲ. ಆದರೆ ಅಲ್ಲಿಯೂ ಜನ ಮತದ ಮೂಲಕವೇ ಮಾತಾಡಿದರು. ಅಲ್ಲಿ 1853ರಿಂದ ಶಿಶುಗಳಿಗೆ ಲಸಿಕೆ ಕಡ್ಡಾಯವಾಗಿತ್ತು. 1867ರ ಕಾನೂನಿನ ಪ್ರಕಾರ ಒಮ್ಮೆ ದಂಡ ಕಟ್ಟಿದರೂ ಮುಗಿಯುತ್ತಿರಲಿಲ್ಲ, ಮತ್ತೆ ಮತ್ತೆ ದಂಡ ಹಾಕಬಹುದಿತ್ತು. ಕಟ್ಟಲಾಗದ ಕೂಲಿಯವನ ಮನೆಯ ಪಾತ್ರೆಪಗಡಿ, ಕುರ್ಚಿ ಮೇಜು ಹರಾಜಾಗುತ್ತಿದ್ದವು. ಹಣವಿದ್ದವನು ದಂಡ ಕಟ್ಟಿ ಹೋಗುತ್ತಿದ್ದ, ಇಲ್ಲದವನು ಜೈಲಿಗೆ ಹೋಗುತ್ತಿದ್ದ. ಈ ಕಾನೂನಿನ ಜಾರಿ ಊರಿನ ಬಡವರ ಪಾಲನಾ ಮಂಡಳಿಗಳ ಕೈಯಲ್ಲಿತ್ತು, ಆ ಮಂಡಳಿಗಳಿಗೆ ಚುನಾವಣೆ ನಡೆಯುತ್ತಿತ್ತು. ತೆರಿಗೆ ಕಟ್ಟುವ ವಿಧವೆಯರು, ಅವಿವಾಹಿತೆಯರು ಆ ಚುನಾವಣೆಯಲ್ಲಿ ಮತ ಹಾಕಬಹುದಿತ್ತು ಎಂಬುದು ಗಮನಿಸಬೇಕಾದ ಮಾತು. ಲೆಸ್ಟರ್ ನಗರದಲ್ಲಿ 1885ರ ಮಾರ್ಚ್‌ನಲ್ಲಿ ಹತ್ತಾರು ಸಾವಿರ ಜನರ ದೊಡ್ಡ ಮೆರವಣಿಗೆ ನಡೆಯಿತು. ಮರುವರ್ಷದ ಚುನಾವಣೆಯಲ್ಲಿ ಕಡ್ಡಾಯವನ್ನು ವಿರೋಧಿಸುವವರೇ ಮಂಡಳಿಯಲ್ಲಿ ಬಹುಮತ ಪಡೆದರು. ಮೊಕದ್ದಮೆಗಳು ನಿಂತವು.

ಲೆಸ್ಟರ್ ಅಲ್ಲಿಗೇ ಬಿಡಲಿಲ್ಲ ಎಂಬುದೇ ಮುಖ್ಯ. ರೋಗ ಕಂಡ ತಕ್ಷಣ ವರದಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು, ಸಂಪರ್ಕದಲ್ಲಿದ್ದವರ ಮೇಲೆ ನಿಗಾ, ಮನೆಯ ಶುದ್ಧಿ ಇವನ್ನು ಆ ನಗರ ಶ್ರದ್ಧೆಯಿಂದ ನಡೆಸಿತು. 1890ರ ದಶಕದಲ್ಲಿ ಸಿಡುಬು ಬಂದಾಗ ದೊಡ್ಡ ದುರಂತವಾಗಲಿಲ್ಲ. ಲಸಿಕೆಯ ವಿರೋಧಿಗಳು ಇದನ್ನು ಇಂದಿಗೂ ಎತ್ತಿ ತೋರಿಸುತ್ತಾರೆ. ಅವರು ಬಿಟ್ಟುಬಿಡುವ ವಿವರವೊಂದಿದೆ. ಸಿಡುಬಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ದಾದಿಯರು ಲಸಿಕೆ ಪಡೆದವರು. ಅವರ ತೋಳಿನ ಬಲದ ಮೇಲೆ ಆ ವ್ಯವಸ್ಥೆ ನಿಂತಿತ್ತು. ಗ್ಲಾಸ್ಟರ್ ನಗರದ ಕಥೆಯನ್ನು ಇದರ ಪಕ್ಕದಲ್ಲಿಡಿ. ಅಲ್ಲಿಯೂ ಮಂಡಳಿ ಕಾನೂನಿನ ಜಾರಿ ನಿಲ್ಲಿಸಿತು, ಆದರೆ ಅದರ ಬದಲು ಲೆಸ್ಟರ್ ಮಾಡಿದ ಕೆಲಸಗಳನ್ನು ಮಾಡಲಿಲ್ಲ. 1895-96ರಲ್ಲಿ ಸಿಡುಬು ಬಂತು. 1,979 ಜನರಿಗೆ ರೋಗ, 434 ಸಾವು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತು ವರ್ಷದೊಳಗಿನ ಮಕ್ಕಳು. ಆಗ ಅದೇ ಮಂಡಳಿ ಮನಸ್ಸು ಬದಲಿಸಿತು, ಜನ ಸಾಲುಗಟ್ಟಿ ನಿಂತು ಲಸಿಕೆ ಹಾಕಿಸಿಕೊಂಡರು. ಆ ಮಕ್ಕಳಿಗೆ ಮತವಿರಲಿಲ್ಲ. ದೊಡ್ಡವರ ಮತದ ಬೆಲೆಯನ್ನು ಕಟ್ಟಿದವರು ಅವರು.

1898ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಜಾಣ ದಾರಿ ಹುಡುಕಿತು. ಆತ್ಮಸಾಕ್ಷಿಯ ಕಾರಣಕ್ಕೆ ಲಸಿಕೆ ಬೇಡವೆನ್ನುವ ತಂದೆತಾಯಿ ಮ್ಯಾಜಿಸ್ಟ್ರೇಟರಿಗೆ ಅದನ್ನು ಮನವರಿಕೆ ಮಾಡಿಕೊಟ್ಟರೆ ವಿನಾಯಿತಿ. ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯೂ ನಿಂತು ಕರುವಿನ ಲಸಿಕೆ ಬಂತು. ಕೆಲವೇ ತಿಂಗಳುಗಳಲ್ಲಿ ಎರಡು ಲಕ್ಷದಷ್ಟು ವಿನಾಯಿತಿ ಪತ್ರಗಳು ಹೊರಟವು. ಆದರೂ ಬೀದಿಯ ಕಾವು ಕಡಿಮೆಯಾಯಿತು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮತದಾರರು ಬೇರೆ ಉತ್ತರ ಕೊಟ್ಟರು. 1920ರ ನವೆಂಬರಿನಲ್ಲಿ, ಅಧ್ಯಕ್ಷೀಯ ಚುನಾವಣೆಯ ದಿನವೇ, ಕ್ಯಾಲಿಫೋರ್ನಿಯದಲ್ಲಿ ಒಂದು ಪ್ರಸ್ತಾವ ಜನರ ಮುಂದೆ ಬಂತು. ಶಾಲೆಗೆ ಸೇರಲು, ಕೆಲಸಕ್ಕೆ ಸೇರಲು ಲಸಿಕೆಯನ್ನು ಷರತ್ತಾಗಿಸಬಾರದು ಎಂಬುದನ್ನು ರಾಜ್ಯದ ಸಂವಿಧಾನದಲ್ಲಿಯೇ ಬರೆಯಬೇಕು ಎಂದು ಅದು ಕೇಳಿತ್ತು. ಶೇಕಡಾ 57ರ ಆಸುಪಾಸಿನ ಜನ ಅದನ್ನು ತಿರಸ್ಕರಿಸಿದರು. ಒರೆಗಾನ್ ರಾಜ್ಯದಲ್ಲಿ ಅದೇ ದಿನ ಇಂಥದ್ದೇ ಪ್ರಸ್ತಾವ ಇನ್ನೂ ದೊಡ್ಡ ಅಂತರದಲ್ಲಿ, ಒಂದಕ್ಕೆ ಎರಡರಂತೆ, ಸೋತಿತು. 1882ಕ್ಕೂ ಇದಕ್ಕೂ ನಡುವೆ ಮೂವತ್ತೆಂಟು ವರ್ಷ. ರೋಗಾಣುಗಳ ವಿಷಯ ಆ ವೇಳೆಗೆ ಶಾಲೆಯ ಪುಸ್ತಕಕ್ಕೆ ಬಂದಿತ್ತು, ಲಸಿಕೆ ಸುರಕ್ಷಿತವಾಗಿತ್ತು. ಎರಡೂ ರಾಜ್ಯಗಳಲ್ಲಿ ಹೆಣ್ಣುಮಕ್ಕಳು ಮತ ಹಾಕಿದರು. ಎರಡು ವರ್ಷದ ಹಿಂದಷ್ಟೇ ಇನ್‌ಫ್ಲುಯೆಂಜಾ ಎಲ್ಲರ ಮನೆಯಲ್ಲೂ ಸಾವು ತಂದಿತ್ತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಬಿಡಿಸಿ ಹೇಳಲಾಗದು. ಆದರೆ ಪ್ರಶ್ನೆಯನ್ನು ಇಟ್ಟ ರೀತಿಯೂ ಬೇರೆಯಿತ್ತು ಎಂಬುದನ್ನು ಗಮನಿಸಿ. ಸ್ವಿಟ್ಜರ್ಲೆಂಡಿನಲ್ಲಿ ಹೊಸ ಕಡ್ಡಾಯವನ್ನು ಹೇರಲೇ ಎಂದು ಕೇಳಿದರು. ಇಲ್ಲಿ ಮುಂದೆಂದೂ ಯಾವ ಕಾಯಿಲೆಗೂ ಹೇರಲಾಗದಂತೆ ಕೈಕಟ್ಟಲೇ ಎಂದು ಕೇಳಿದರು. ಎರಡೂ ಕಡೆ ಜನ ಅತಿಯಾದದ್ದನ್ನು ಬೇಡವೆಂದರು ಎಂದು ನನಗನ್ನಿಸುತ್ತದೆ.

ಈ ಅನಿಸಿಕೆಗೆ ಬಲ ಬರುವುದು ಮತ್ತೆ ಸ್ವಿಟ್ಜರ್ಲೆಂಡಿನಿಂದಲೇ. 2013ರ ಸೆಪ್ಟೆಂಬರ್ 22ರಂದು ಸಾಂಕ್ರಾಮಿಕ ಕಾಯ್ದೆ ಮತ್ತೆ ಮತಪೆಟ್ಟಿಗೆಗೆ ಬಂತು. ಅದರಲ್ಲಿಯೂ ಲಸಿಕೆಯನ್ನು ಕಡ್ಡಾಯಗೊಳಿಸುವ ಮಾತಿತ್ತು. ಆದರೆ ಅಪಾಯಕ್ಕೆ ಒಡ್ಡಿಕೊಂಡ ಗುಂಪುಗಳಿಗೆ, ನಿರ್ದಿಷ್ಟ ಸಂದರ್ಭದಲ್ಲಿ ಮಾತ್ರ. ಯಾರನ್ನೂ ಹಿಡಿದು ಚುಚ್ಚುವಂತಿಲ್ಲ. ಶೇಕಡಾ 60ರಷ್ಟು ಜನ ಒಪ್ಪಿದರು. ಕೋವಿಡ್ ಕಾಯ್ದೆಯನ್ನು ಮೂರು ಬಾರಿ, 2021ರಲ್ಲಿ ಎರಡು ಸಲ ಮತ್ತು 2023ರಲ್ಲಿ ಒಮ್ಮೆ, ಜನಮತಕ್ಕೆ ಎಳೆದರು. ಮೂರೂ ಸಲ ಜನ ಶೇಕಡಾ 60ಕ್ಕೂ ಮೀರಿದ ಬಹುಮತದಿಂದ ಉಳಿಸಿಕೊಂಡರು. 2024ರ ಜೂನ್ 9ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ರಾಜ್ಯ ಅವನ ದೇಹವನ್ನು ಮುಟ್ಟಬಾರದು ಎಂದು ಸಂವಿಧಾನದಲ್ಲಿ ಸೇರಿಸುವ ಪ್ರಸ್ತಾವ ಬಂತು. ಕಡ್ಡಾಯ ಲಸಿಕೆಯ ವಿರುದ್ಧದ ಚಳವಳಿಯಿಂದ ಹುಟ್ಟಿದ ಪ್ರಸ್ತಾವ ಅದು. ಶೇಕಡಾ 73.7 ಜನ ಬೇಡವೆಂದರು. 1882ರಲ್ಲಿ ಶೇಕಡಾ 79ರಷ್ಟು ಜನ ಬೇಡವೆಂದ ದೇಶವೇ ಇದು.

ನಮ್ಮ ದೇಶದಲ್ಲಿ ಇಂಥ ಪ್ರಶ್ನೆಯನ್ನು ಯಾವತ್ತೂ ಜನರ ಮತಕ್ಕೆ ಹಾಕಿಲ್ಲ. ಲಸಿಕೆಯ ಕಾನೂನುಗಳು ಬ್ರಿಟಿಷರ ಕಾಲದಲ್ಲಿ ಬಂದವು, 1880ರ ಕಾಯ್ದೆಯಂಥವು. ಸಿಡುಬನ್ನು ಓಡಿಸಿದ 1970ರ ದಶಕದ ದೊಡ್ಡ ಅಭಿಯಾನದಲ್ಲಿ ಮನೆಬಾಗಿಲು ಮುರಿದು ಒಳನುಗ್ಗಿ ಲಸಿಕೆ ಹಾಕಿದ ಪ್ರಸಂಗಗಳೂ ಇವೆ. ಅದರಲ್ಲಿ ಪಾಲ್ಗೊಂಡವರೇ ಬರೆದಿಟ್ಟಿದ್ದಾರೆ. ಕಡ್ಡಾಯದ ಪ್ರಶ್ನೆಗೆ ಇಲ್ಲಿ ಉತ್ತರ ಕೊಟ್ಟದ್ದು ನ್ಯಾಯಾಲಯ. 2022ರ ಮೇ 2ರಂದು, ಜಾಕೋಬ್ ಪುಲಿಯೆಲ್ ಪ್ರಕರಣದಲ್ಲಿ, ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವಂತಿಲ್ಲ, ಸಂವಿಧಾನದ 21ನೆಯ ವಿಧಿ ದೇಹದ ಮೇಲಿನ ಹಕ್ಕನ್ನು ಕಾಪಾಡುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಅಗತ್ಯದ ಅಳತೆ ಮೀರದ ನಿರ್ಬಂಧಗಳನ್ನು ಸರ್ಕಾರ ಹಾಕಬಹುದು ಎಂದೂ ಅದೇ ತೀರ್ಪು ಹೇಳುತ್ತದೆ.

ಉಪನ್ಯಾಸದ ಬಳಿಕ ಹಿರಿಯರೊಬ್ಬರು ಎದ್ದುನಿಂತು ಕೇಳಿದರು: ‘ಇಷ್ಟೆಲ್ಲ ಹೇಳಿದಿರಿ. 1882ರಲ್ಲಿ ನೀವು ಅಲ್ಲಿದ್ದಿದ್ದರೆ ಯಾವ ಕಡೆ ಮತ ಹಾಕುತ್ತಿದ್ದಿರಿ?’

ಪರವಾಗಿಯೇ ಹಾಕುತ್ತಿದ್ದೆ, ಸರ್. 1871ರಲ್ಲಿ ಸತ್ತ ಮಕ್ಕಳನ್ನು ಕಂಡಿದ್ದವನಾಗಿದ್ದರೆ ನನಗೆ ಬೇರೆ ದಾರಿ ಇರುತ್ತಿರಲಿಲ್ಲ. ಆದರೆ ಮತ ಹಾಕುವ ಮೊದಲು, ಕಾಯ್ದೆ ಬರೆದವರ ಬಳಿ ಹೋಗಿ ಎರಡು ಬದಲಾವಣೆ ಕೇಳುತ್ತಿದ್ದೆ. ಕರುವಿನ ಲಸಿಕೆಯನ್ನೇ ಬಳಸುತ್ತೇವೆ, ಇನ್ನೊಂದು ಮಗುವಿನ ಗುಳ್ಳೆಯ ರಸವನ್ನಲ್ಲ ಎಂದು ಕಾಯ್ದೆಯಲ್ಲಿ ಬರೆಯಿರಿ. ದಂಡ ಕಟ್ಟಲಾಗದ ಬಡವನನ್ನು ಜೈಲಿಗೆ ಕಳಿಸುವುದಿಲ್ಲ ಎಂದೂ ಬರೆಯಿರಿ. ಅಷ್ಟಾದರೆ ಗೆಲ್ಲುತ್ತಿತ್ತೇ ಎಂದು ನೀವು ಕೇಳಬಹುದು. ಶೇಕಡಾ 79ರ ಎದುರು ಬಹುಶಃ ಗೆಲ್ಲುತ್ತಿರಲಿಲ್ಲ. ಆದರೆ ಮರುವರ್ಷ ಜ್ಯೂರಿಕ್ ತನ್ನ ಕಾನೂನನ್ನು ಕಿತ್ತೆಸೆಯುವಷ್ಟು ಸಿಟ್ಟು ಜನರಲ್ಲಿ ಉಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.